ನಂಬರಿನ ಶೋಕಿ: ಕೆಎ-16ರ ಲೆಕ್ಕ

ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ನೋಡಿದವರಿಗೆ ಫ್ಯಾನ್ಸಿ ನಂಬರಿನ ಹರಾಜನ್ನು ಬಿಡಿಸಿ ಹೇಳಬೇಕಿಲ್ಲ. ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಹೊರಡುವ ಮುಂಚೆ ಬಾವುಟ ಕೂಗಿಗೆ ಬರುತ್ತದೆ, ಹತ್ತಾರು ಲಕ್ಷಕ್ಕೆ ಹೋಗುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿನಲ್ಲೂ ಇದೇ ಪದ್ಧತಿ. ಬಾವುಟ ಹಿಡಿದವರು ಮಾರನೇ ದಿನ ಅದನ್ನು ಇನ್ನೊಬ್ಬರಿಗೆ ಲಾಭಕ್ಕೆ ಮಾರಲು ಹೋಗುವುದಿಲ್ಲ, ಹೋದರೂ ಕೊಳ್ಳುವವರಿಲ್ಲ. ದುಡ್ಡು ದೇವಸ್ಥಾನಕ್ಕೆ ಸೇರುತ್ತದೆ, ಹೆಸರು ಕೂಗಿದವರಿಗೆ ಸೇರುತ್ತದೆ, ವ್ಯವಹಾರ ಅಲ್ಲಿಗೆ ಚುಕ್ತಾ.

ಅಡಿಕೆ ಧಾರಣೆ ಏರಿದ ವರ್ಷ ಭೀಮಸಮುದ್ರ, ಹೊಳಲ್ಕೆರೆ ಕಡೆ ಮನೆ ಮುಂದೆ ಹೊಸ ಕಾರುಗಳು ನಿಲ್ಲುತ್ತವೆ. ಬಣ್ಣ ಯಾವುದೆಂದು ತೀರ್ಮಾನವಾಗುವ ಮೊದಲೇ ನಂಬರು ಯಾವುದು ಹಿಡಿಯೋಣ ಎಂಬ ಚರ್ಚೆ ಶುರುವಾಗಿರುತ್ತದೆ. ಈಚೆಗೆ ಈ ಚರ್ಚೆಗೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. “ಸೈಟಿಗೆ ಹಾಕಿದಂಗೆ ನಂಬರಿಗೆ ಹಾಕಿದ್ರೆ ಮುಂದೆ ರೇಟು ಬರಲ್ವಾ ಸಾರ್?” ಹೊಸದುರ್ಗದ ಓದುಗರೊಬ್ಬರು ಮೊನ್ನೆ ಕೇಳಿದ್ದು ಇದನ್ನೇ.

ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 2025ರ ಏಪ್ರಿಲ್‌ನಲ್ಲಿ ಎರ್ನಾಕುಲಂನ ಕೆಎಲ್-07-ಡಿಜಿ-0007 ನಂಬರು 45.99 ಲಕ್ಷ ರೂಪಾಯಿಗೆ ಹೋಯಿತು; ಕೂಗು ಶುರುವಾದದ್ದು 25 ಸಾವಿರದಿಂದ. ಅದೇ ವರ್ಷದ ನವೆಂಬರಿನಲ್ಲಿ ಹರಿಯಾಣದ ಎಚ್‌ಆರ್-88-ಬಿ-8888ಕ್ಕೆ 1.17 ಕೋಟಿ ಕೂಗಿದರು. ಸುದ್ದಿಯ ಮೊದಲ ಅರ್ಧ ಎಲ್ಲರಿಗೂ ಗೊತ್ತು. ಉಳಿದರ್ಧ ಏನೆಂದರೆ, ಹರಿಯಾಣದಲ್ಲಿ ಕೂಗಿದವರು ಗಡುವಿನೊಳಗೆ ಹಣ ಕಟ್ಟಲಿಲ್ಲ. 2023ರಲ್ಲಿ ಹಿಮಾಚಲದಲ್ಲಿ ಎಚ್‌ಪಿ-99-9999 ಎಂಬ ಸ್ಕೂಟರ್ ನಂಬರಿಗೆ 1.12 ಕೋಟಿ ಕೂಗಿದವರೂ ಹಿಂದೆ ಸರಿದರು. ಜಾತ್ರೆಯಲ್ಲಿ ಊರವರ ಎದುರು ಕೂಗಿ ಹಿಂದೆ ಸರಿಯುವುದು ಅಷ್ಟು ಸುಲಭವಲ್ಲ. ಫೋನಿನಲ್ಲಿ ಕೂತು ಕೂಗುವವರಿಗೆ ಆ ಅಂಜಿಕೆ ಇಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬಂದ ಬೆಲೆ ಕಟ್ಟಿದ ಬೆಲೆಯೋ ಕೂಗಿದ ಬೆಲೆಯೋ ಎಂದು ನೋಡಿಕೊಳ್ಳದೆ ಯಾವ ಲೆಕ್ಕವನ್ನೂ ಹಾಕಬೇಡಿ.

ಹೊಸದುರ್ಗದ ಪ್ರಶ್ನೆಗೆ ನನ್ನ ಉತ್ತರ: ರೇಟು ಬರಲ್ಲ. ನಂಬರು ನಿಮ್ಮದಲ್ಲ, ಗಾಡಿಯದು. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ನಿನ ಪ್ರಕಾರ ನೋಂದಣಿ ಅಧಿಕಾರಿ ಗುರುತು ಕೊಡುವುದು ವಾಹನಕ್ಕೆ. ಗಾಡಿ ಮಾರಿದರೆ ಆ ಗುರುತು ಗಾಡಿಯ ಜೊತೆಯೇ ಹೋಗುತ್ತದೆ. ಗಾಡಿ ಗುಜರಿಗೆ ಹೋಗಿ ನೋಂದಣಿ ರದ್ದಾದರೆ ನಂಬರೂ ಮುಗಿಯಿತು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ತೆಗೆದುಕೊಳ್ಳಬೇಕು; ನೀವು ಲಕ್ಷ ಕೊಟ್ಟು ಹಿಡಿದ ಚಿತ್ರದುರ್ಗದ ಕೆಎ-16 ಅಲ್ಲಿಗೆ ಕಳೆದಂತೆ. ಕೆಲವು ರಾಜ್ಯಗಳು ಹಳೆಯ ಗಾಡಿಯ ನಂಬರನ್ನು ಹೊಸ ಗಾಡಿಗೆ ಉಳಿಸಿಕೊಳ್ಳುವ ದಾರಿ ಮಾಡಿಕೊಟ್ಟಿವೆ. ಅಲ್ಲೂ ಅದು ಅದೇ ಮಾಲೀಕರಿಗೆ, ಶುಲ್ಕ ಮತ್ತು ಷರತ್ತಿನ ಮೇಲೆ. ಗಾಡಿಯನ್ನು ಬಿಟ್ಟು ಬರೀ ನಂಬರನ್ನು ಸಂತೆಯಲ್ಲಿ ಇಟ್ಟು ಮಾರುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಆ ಹಕ್ಕು ಇರುವ ದೇಶಗಳ ಕಥೆಯೇ ಬೇರೆ. ಬ್ರಿಟನ್ನಿನಲ್ಲಿ 1903ರ ಕಾಯ್ದೆಯಿಂದ ನಂಬರು ಬಂತು. 1989ರಿಂದ ಸರ್ಕಾರಿ ಇಲಾಖೆಯೇ ಬಯಸಿದ ನಂಬರುಗಳನ್ನು ಮಾರುತ್ತಿದೆ. ಅಲ್ಲಿ ಕಾರಿಲ್ಲದೆಯೂ ನಂಬರಿನ ಹಕ್ಕುಪತ್ರವನ್ನು ಬೀರುವಿನಲ್ಲಿ ಇಟ್ಟುಕೊಳ್ಳಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ‘25 ಓ’ ಎಂಬ ನಂಬರಿಗೆ 2014ರಲ್ಲಿ ಒಬ್ಬರು ಶುಲ್ಕವೆಲ್ಲ ಸೇರಿ 5,18,000 ಪೌಂಡ್ ಕೊಟ್ಟದ್ದು ಈ ಧೈರ್ಯದ ಮೇಲೆ. ದುಬೈಯ ‘ಪಿ 7’ 2023ರ ಏಪ್ರಿಲ್‌ನಲ್ಲಿ 5.5 ಕೋಟಿ ದಿರ್‌ಹಂಗೆ, ನಮ್ಮ ಲೆಕ್ಕದಲ್ಲಿ ಸುಮಾರು 122 ಕೋಟಿ ರೂಪಾಯಿಗೆ ಹೋಗಿ ಗಿನ್ನೆಸ್ ದಾಖಲೆ ಸೇರಿತು. ಆ ಹರಾಜಿನ ಹಣ ಹಸಿದವರ ಊಟದ ನಿಧಿಗೆ ಹೋಯಿತು. ಅಂದರೆ ನಂಬರು ಆಸ್ತಿಯಾಗಿರುವ ದುಬೈಯಲ್ಲಿಯೂ ಎಲ್ಲಕ್ಕಿಂತ ದೊಡ್ಡ ಕೂಗು ಎದ್ದದ್ದು ದಾನದ ಹರಾಜಿನಲ್ಲಿ! ನಾಯಕನಹಟ್ಟಿಯವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ.

ಹಾಗಾದರೆ ನಂಬರಿನ ಶೋಕಿಯೇ ಬೇಡವೇ? ಬೇಡ ಎನ್ನುವುದಾದರೆ ಈ ಅಂಕಣ ಯಾಕೆ ಬರೆಯಲಿ. ಬೇಕು, ಆದರೆ ಶೋಕಿಯನ್ನು ಶೋಕಿಯೆಂದೇ ಮಾಡಬೇಕು. ಮಾರುವ ಯೋಚನೆ ಬಿಟ್ಟ ಕ್ಷಣ ಆಯ್ಕೆಯ ರುಚಿಯೂ ಬದಲಾಗುತ್ತದೆ. ಎಲ್ಲರೂ ಮುಗಿಬೀಳುವ 0001, 9999, 7777ರ ಮೇಲೆ ಆಸೆ ಹೋಗಿ, ಯಾರೂ ಕಣ್ಣೆತ್ತಿ ನೋಡದ ನಂಬರಿನಲ್ಲಿ ನಿಮ್ಮ ಊರು ಕಾಣಲು ಶುರುವಾಗುತ್ತದೆ.

ನಮ್ಮ ಚಿತ್ರದುರ್ಗ ಜಿಲ್ಲೆಗೆ ಈ ವಿಷಯದಲ್ಲಿ ಅದೃಷ್ಟವಿದೆ. ಕೆಎ-16 ಎಂಬ ಗುರುತನ್ನೇ ನೋಡಿ. ಒಂದೂ ಆರೂ ಕೂಡಿದರೆ ಏಳು, ಕೋಟೆಯೂ ಏಳು ಸುತ್ತಿನದು. 0007 ಎಂದರೆ ಬೆಂಗಳೂರಿನವರು, ಕೊಚ್ಚಿಯವರು ಜೇಮ್ಸ್ ಬಾಂಡ್ ಎನ್ನುತ್ತಾರೆ. ದುರ್ಗದವರಿಗೆ ಆ ಇಂಗ್ಲಿಷ್ ಗೂಢಚಾರನ ಹಂಗು ಯಾಕೆ? ಆದರೂ 0007ಕ್ಕೆ ಪೈಪೋಟಿ ಇದ್ದೇ ಇರುತ್ತದೆ, ಅದನ್ನು ಬಿಡಿ. 1616 ಹಿಡಿಯಿರಿ. ಕೆಎ-16 ಆದ ಮೇಲೆ ಮತ್ತೆ ಹದಿನಾರು, ಮತ್ತೆ ಹದಿನಾರು. ಬೇರೆ ಯಾವ ಜಿಲ್ಲೆಯ ಗಾಡಿಗೂ ಈ ನಂಬರು ಇಷ್ಟು ಒಪ್ಪುವುದಿಲ್ಲ.

ಇನ್ನೂ ಒಳಗಿನ ರುಚಿ ಬೇಕೆನ್ನುವವರಿಗೆ ಇಸವಿಗಳಿವೆ. 1779, ಹೈದರಾಲಿಯ ಕೈಗೆ ಕೋಟೆ ಹೋದ ವರ್ಷ, ಕೊನೆಯ ಮದಕರಿ ನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ವರ್ಷ. ಸೋಲಿನ ಇಸವಿಯನ್ನು ಕಾರಿಗೆ ಹಾಕಿಕೊಳ್ಳುವುದೇ ಎಂದು ಕೆಲವರು ಮೂಗು ಮುರಿಯಬಹುದು. ಆ ಸೋಲನ್ನು ಇವತ್ತಿಗೂ ತಮ್ಮದೆಂದು ಹೇಳಿಕೊಳ್ಳುವ ಊರು ದುರ್ಗ, ಹಾಗಾಗಿ ನನಗೆ ಆ ನಂಬರು ಇಷ್ಟ. ಹಿರಿಯೂರಿನವರಾದರೆ ಮಾರಿಕಣಿವೆಯ ಕಡೆ ತಿರುಗಿ. ಅಲ್ಲಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಜಲಾಶಯ ತುಂಬಿ ಮೊದಲ ಸಲ ಕೋಡಿ ಹರಿದದ್ದು 1933ರಲ್ಲಿ, ಎರಡನೇ ಸಲ ಎಂಬತ್ತೊಂಬತ್ತು ವರ್ಷದ ಮೇಲೆ 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಪೂರ್ತಿ ಮಟ್ಟ 130 ಅಡಿ. ಒಂದು ಗಾಡಿಗೆ 1933, ಇನ್ನೊಂದಕ್ಕೆ 2022, ಮನೆಯ ಸ್ಕೂಟರಿಗೆ 0130 ಹಿಡಿದ ಹಿರಿಯೂರಿನ ಮನೆ ಇದ್ದರೆ ಅವರ ಮನೆಗೆ ನಾನೇ ಹೋಗಿ ಕಾಫಿ ಕುಡಿದು ಬರುತ್ತೇನೆ. ಇನ್ನೊಂದು ತಮಾಷೆ: 1933ರ ನಾಲ್ಕು ಅಂಕಿ ಕೂಡಿ ನೋಡಿ, ಹದಿನಾರೇ ಬರುತ್ತದೆ. 1907 ಕೂಡಿದರೆ ಹದಿನೇಳು, ಅದು ದಾವಣಗೆರೆಯ ಕೋಡು. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ, 17 ಎಂಬ ಕೋಡು ಅದಕ್ಕೂ ಮೊದಲಿನದು.

ಲಾರಿ ಮಾಲೀಕರಿಗೆ ರಸ್ತೆಯ ನಂಬರುಗಳಿವೆ. ಬೆಂಗಳೂರು–ಪುಣೆ ಹೆದ್ದಾರಿ ಈಗ 48, ಹಳಬರ ಬಾಯಲ್ಲಿ ಇನ್ನೂ ‘ಎನ್‌ಎಚ್ ನಾಲ್ಕು’. ದುರ್ಗದಲ್ಲಿ ಅದನ್ನು ಸೇರುವ ಸೊಲ್ಲಾಪುರ ರಸ್ತೆ ಈಗ 50, ಹಿಂದೆ 13. ಈ ಎರಡು ರಸ್ತೆ ಕೂಡುವ ಊರಿನ ಲಾರಿಗೆ 0048 ಅಥವಾ 0413 ಬಿದ್ದರೆ ಎಷ್ಟು ಚೆನ್ನ. ಹದಿಮೂರು ಅಪಶಕುನ ಎನ್ನುವುದು ನಮ್ಮ ಹಳ್ಳಿಯ ನಂಬಿಕೆಯಲ್ಲ. ಎಲ್ಲಿಂದಲೋ ಬಂದು ಸೇರಿಕೊಂಡದ್ದು.

ನಮ್ಮ ನಂಬಿಕೆ ಇರುವುದು ಎಂಟರ ಮೇಲೆ. ಶೋರೂಮಿನಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ. “ಅಣ್ಣಾ, ಕೂಡಿದ್ರೆ ಎಂಟು ಬರ್ತೈತೆ, ಬ್ಯಾಡ.” ಎಂಟು ಶನಿಯದು, ಗಾಡಿಗೆ ಆಗದು ಎಂಬ ಮಾತು ಹೊಳಲ್ಕೆರೆಯಿಂದ ಮೊಳಕಾಲ್ಮೂರಿನವರೆಗೆ ಒಂದೇ. ಲೆಕ್ಕ ಬಲ್ಲ ಶೋಕಿದಾರ ಇಲ್ಲಿ ನಗಬೇಕು. 1ರಿಂದ 9999ರ ವರೆಗಿನ ಒಂದು ಸರಣಿಯಲ್ಲಿ ಕೂಡಿದರೆ ಎಂಟು ಬರುವ ನಂಬರುಗಳು ಸರಿಯಾಗಿ 1,111. ಒಂಬತ್ತರಲ್ಲಿ ಒಂದು ಪಾಲನ್ನು ನಿಮ್ಮ ನೆರೆಹೊರೆಯವರು ತಾವಾಗಿಯೇ ನಿಮಗೆ ಬಿಟ್ಟುಕೊಟ್ಟಿದ್ದಾರೆ! ಮಾರಿಕಣಿವೆಯ 1907 ಕೂಡ ಅದರಲ್ಲೇ ಬರುತ್ತದೆ, ಪೈಪೋಟಿಯ ಭಯವಿಲ್ಲದೆ ಹಿಡಿಯಬಹುದು. ಅತ್ತ ಹಾಂಗ್‌ಕಾಂಗಿನಲ್ಲಿ ಎಂಟು ಎಂದರೆ ಐಶ್ವರ್ಯ. ಬರೀ ‘18’ ಎಂಬ ನಂಬರಿಗೆ 2008ರಲ್ಲಿ ಅಲ್ಲಿನವರು 1.65 ಕೋಟಿ ಹಾಂಗ್‌ಕಾಂಗ್ ಡಾಲರ್ ಸುರಿದರು. ಹರಿಯಾಣದ 8888 ಕೂಡಿದರೆ 32, ಮತ್ತೆ ಕೂಡಿದರೆ 5. ಅದರಲ್ಲಿ ಎಂಟು ಕಣ್ಣಿಗೆ ಕಾಣುತ್ತದೆಯೇ ಹೊರತು ಜ್ಯೋತಿಷಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್ನು ಕೆಎ, 16, ಸರಣಿಯ ಅಕ್ಷರ ಎಲ್ಲವನ್ನೂ ಸೇರಿಸಿ ಕೂಡಬೇಕೋ, ಕೊನೆಯ ನಾಲ್ಕನ್ನೇ ಕೂಡಬೇಕೋ ಎಂಬುದರಲ್ಲಿ ಸಂಖ್ಯಾಶಾಸ್ತ್ರದವರೇ ಒಮ್ಮತಕ್ಕೆ ಬಂದಿಲ್ಲ. ಅವರು ಬರುವವರೆಗೆ ನಾವು ಕಾಯಬೇಕಿಲ್ಲ.

ಸರಣಿಯ ಅಕ್ಷರವನ್ನೂ ಓದಲು ಕಲಿಯಿರಿ. ಕರ್ನಾಟಕದಲ್ಲಿ ಲಾರಿ, ಟ್ಯಾಕ್ಸಿಗಳಿಗೆ ಎ, ಬಿ, ಸಿ, ಡಿ, ಸ್ವಂತ ಕಾರುಗಳಿಗೆ ಎಂ, ಎನ್, ಪಿ ಮೊದಲಾದವು, ಬೈಕುಗಳಿಗೆ ಇ, ಎಚ್ ಮುಂತಾದವು, ಟ್ರ್ಯಾಕ್ಟರಿಗೆ ಟಿ, ಸಾರಿಗೆ ಸಂಸ್ಥೆಯ ಬಸ್ಸಿಗೆ ಎಫ್, ಸರ್ಕಾರಿ ವಾಹನಕ್ಕೆ ಜಿ. ಒಂದು, ಸೊನ್ನೆಗಳ ಜೊತೆ ಗೊಂದಲವಾಗುತ್ತದೆಂದು ಐ ಮತ್ತು ಓ ಅಕ್ಷರಗಳನ್ನು ಬಿಟ್ಟಿದ್ದಾರೆ. ದುಡ್ಡಿನ ಪೈಪೋಟಿಯೆಲ್ಲ ಕಾರಿನ ಸರಣಿಗೆ. ಟ್ರ್ಯಾಕ್ಟರಿನ ಟಿ ಸರಣಿಯಲ್ಲಿ ಒಳ್ಳೆಯ ನಂಬರು ಹೋಯಿತಲ್ಲ ಎಂದು ನಿಟ್ಟುಸಿರು ಬಿಡುವವರನ್ನು ನಾನು ನೋಡಿಲ್ಲ. ಚೆನ್ನಾಗಿರುವ ಟ್ರ್ಯಾಕ್ಟರ್ ನಂಬರು ಈ ಜಿಲ್ಲೆಯಲ್ಲಿ ಅತ್ಯಂತ ಕಡಿಮೆ ಬೆಲೆಗೆ ಸಿಗುವ ಸುಖಗಳಲ್ಲಿ ಒಂದು.

ಬೆಂಗಳೂರಿನಲ್ಲಿ ನೆಲೆಸಿದ ದುರ್ಗದವರಿಗೆ ಒಂದು ಸುಳಿವು. 2019ರ ತಿದ್ದುಪಡಿಯ ನಂತರ, ನೀವು ವಾಸವಿರುವ ರಾಜ್ಯದ ಯಾವುದೇ ನೋಂದಣಿ ಪ್ರಾಧಿಕಾರದಲ್ಲಿ ವಾಹನ ನೋಂದಾಯಿಸಲು ಕಾಯ್ದೆಯ 40ನೇ ಸೆಕ್ಷನ್ ಅವಕಾಶ ಕೊಡುತ್ತದೆ. ರಾಜ್ಯದೊಳಗೆ ವಿಳಾಸ ಬದಲಾದರೆ ಅದನ್ನು ದಾಖಲಿಸಿದರೆ ಸಾಕು, ನಂಬರು ಬದಲಾಗುವುದಿಲ್ಲ. ಬೆಂಗಳೂರಿನ ಕೋಡುಗಳಲ್ಲಿ ಸರಣಿಗಳು ಒಂದರ ಹಿಂದೆ ಒಂದು ಮುಗಿಯುತ್ತವೆ, ಹಣವಂತರೂ ಹೆಚ್ಚು. ಇಲ್ಲಿ ಸರಣಿ ನಿಧಾನವಾಗಿ ಓಡುತ್ತದೆ, ಬೇಕಾದ ನಂಬರಿಗೆ ಕಾಯುವ ತಾಳ್ಮೆ ಇದ್ದರೆ ಸಾಕು. ಜೊತೆಗೆ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೆಎ-16 ಕಂಡ ಇನ್ನೊಬ್ಬ ದುರ್ಗದವರು ಗಾಜು ಇಳಿಸಿ “ಯಾವೂರು ಅಣ್ಣ?” ಎಂದು ಕೇಳುವ ಸಂತೋಷ ಪುಕ್ಕಟೆ.

ಈಗ ನಂಬರಿನ ತಟ್ಟೆಯ ವಿಷಯಕ್ಕೆ ಬರೋಣ. ಹಿಂದೆ ನಂಬರು ಯಾವುದೇ ಇರಲಿ, ಅದನ್ನು ಚೆಂದ ಮಾಡುವವರು ಪೇಂಟರುಗಳು. ಲಾರಿಯ ಹಿಂದೆ ನೆರಳು ಬಿಟ್ಟು ಬರೆದ ಅಂಕಿ, ಕನ್ನಡ ಅಂಕಿಯಲ್ಲಿ ಬರೆಸಿಕೊಂಡ ಅಭಿಮಾನಿಗಳು, 8055 ಅನ್ನು ಇಂಗ್ಲಿಷಿನ ‘ಬಾಸ್’ ಆಗಿ ತಿರುಚಿಸಿದ ಹುಡುಗರು. ಕೇಂದ್ರ ಮೋಟಾರು ವಾಹನ ನಿಯಮ ಇವುಗಳನ್ನು ಎಂದೂ ಒಪ್ಪಿರಲಿಲ್ಲ. ಕಾರಿನ ಅಂಕಿ 65 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪ ಇರಬೇಕೆಂದು ಅದು 1989ರಿಂದಲೇ ಹೇಳುತ್ತಿತ್ತು. ಕೇಳಿದವರು ಕಡಿಮೆ. ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷತೆಯ ತಟ್ಟೆ ಬಂದು ಆಟ ಮುಗಿಸಿತು. 2019ರ ಏಪ್ರಿಲ್‌ಗೂ ಹಿಂದಿನ ಗಾಡಿಗಳಿಗೂ ಇದು ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು; ಗಡುವು ಎಷ್ಟು ಸಲ ಮುಂದೆ ಹೋಯಿತೆಂದು ಎಲ್ಲರಿಗೂ ನೆನಪಿದೆ. ಅಲ್ಯೂಮಿನಿಯಂ ತಟ್ಟೆ, ಅಶೋಕ ಚಕ್ರದ ಹಾಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಲಾಕು. ಎಲ್ಲರ ಅಕ್ಷರವೂ ಒಂದೇ ಥರ.

ಪೇಂಟರುಗಳ ಕೈ ಕೆಲಸ ಹೋದದ್ದು ನನಗೂ ಬೇಸರವೇ. ಆದರೆ ನಂಬರಿನ ಶೋಕಿಗೆ ಅದರಿಂದ ಒಳ್ಳೆಯದೇ ಆಯಿತು. ಅಲಂಕಾರ ಹೋದ ಮೇಲೆ ಉಳಿದದ್ದು ಬರೀ ಸಂಖ್ಯೆ. ಸಾಧಾರಣ ನಂಬರನ್ನು ಬಣ್ಣ ಬಳಿದು ಮೆರೆಸಲು ಈಗ ಸಾಧ್ಯವಿಲ್ಲ. 1616 ಹಿಡಿದವರ 1616 ದೂರದಿಂದಲೇ ಎದ್ದು ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ‘ಸಂಗ್ರಹ’ ಎಂಬ ಮಾತಿಗೆ ನಿಜವಾಗಿ ಯೋಗ್ಯವಾದ ನಂಬರುಗಳು ಹರಾಜಿನಲ್ಲಿ ಸಿಗುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅವು ಹಳೆಯ ಗಾಡಿಗಳ ಮೇಲಿವೆ. ಕೆಎ ಎಂಬುದು ಬಂದದ್ದು 1988ರ ಕಾಯ್ದೆ 1989ರ ಜುಲೈನಲ್ಲಿ ಜಾರಿಯಾದ ಮೇಲೆ. ಅದಕ್ಕೂ ಹಿಂದೆ ಮೂರು ಅಕ್ಷರ, ನಾಲ್ಕು ಅಂಕಿ. ಎಂವೈ, ಎಂಇ ಎಂದು ಶುರುವಾಗುವ ಮೈಸೂರು ರಾಜ್ಯದ ನೆನಪಿನವು. ಆಮೇಲೆ ಸಿ ಅಕ್ಷರದಿಂದ ಶುರುವಾಗುವವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿ ಬೈಕೊಂದು ಹುಟ್ಟಿದ ನಂಬರಿನಲ್ಲೇ ಇನ್ನೂ ಓಡಾಡುತ್ತಿದ್ದರೆ ಅದರ ಎದುರು ಹರಾಜಿನ 9999 ಸಪ್ಪೆ. ಅಂಥ ನಂಬರನ್ನು ಇವತ್ತು ಯಾವ ಆಫೀಸಿನಲ್ಲಿ ಎಷ್ಟು ಕೋಟಿ ಇಟ್ಟರೂ ಹೊಸದಾಗಿ ಕೊಡುವುದಿಲ್ಲ. ಸಂಖ್ಯೆ ಕಡಿಮೆಯಾಗುತ್ತ ಹೋಗುವುದೇ ಹೊರತು ಹೆಚ್ಚಾಗುವುದಿಲ್ಲ. ಗಾಡಿಯ ಸಮೇತ ಮಾರಬಹುದು, ಕೊಳ್ಳಬಹುದು. ಹೆಸರು ವರ್ಗಾಯಿಸಲು ಕಾಯ್ದೆಯಲ್ಲಿ ದಾರಿ ಇದೆ, ಮಾಲೀಕರು ತೀರಿಕೊಂಡರೆ ವಾರಸುದಾರರಿಗೂ ಹೋಗುತ್ತದೆ. ನಮ್ಮಲ್ಲಿ ಆಸ್ತಿಗೆ ಅತಿ ಹತ್ತಿರ ಬರುವ ನಂಬರು ಇದೊಂದೇ.

ಸರ್ಕಾರವೂ ಇದನ್ನು ಗುರುತಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಬಾಡಿಗೆಗೆ ಓಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್. ನೋಂದಣಿ ಈಗಾಗಲೇ ಇದ್ದರೆ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ನಮ್ಮಲ್ಲಿ ನೋಂದಣಿಯೇ ಇಲ್ಲದ ಗಾಡಿಯನ್ನು ಹೊಸದಾಗಿ ನೋಂದಾಯಿಸಿದರೆ ‘ವಿಎ’ ಎಂಬ ಅಕ್ಷರವಿರುವ ಬೇರೆಯೇ ಸರಣಿ ಸಿಗುತ್ತದೆ, ಶುಲ್ಕ 20 ಸಾವಿರ, ಹತ್ತು ವರ್ಷದ ಅವಧಿ. ಮುಂದಿನ ನೋಂದಣಿಗೆ 5 ಸಾವಿರ. ವಿಂಟೇಜ್ ಎಂದು ನೋಂದಾಯಿಸಿದ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬೇಕು, ದಿನಾ ಸಂತೆಗೆ ಹೋಗಿ ಬರುವ ಹಾಗಿಲ್ಲ. ಐವತ್ತು ತುಂಬದ ಹಳೆಯ ಗಾಡಿಗಳನ್ನು ಉಳಿಸಿಕೊಳ್ಳುವುದೂ ಅಗ್ಗವಲ್ಲ. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ಮೀರಿದ ಬೈಕಿನ ನೋಂದಣಿ ನವೀಕರಣಕ್ಕೆ 2 ಸಾವಿರ, ಕಾರಿಗೆ 10 ಸಾವಿರ ರೂಪಾಯಿ. ತೆರಿಗೆ, ವಿಮೆ ಬೇರೆ. ಹಣ ಮಾಡುವ ಲೆಕ್ಕದಲ್ಲಿ ಹಳೆಯ ಗಾಡಿಗೆ ಕೈ ಹಾಕುವವರು ಈ ಸಾಲನ್ನು ಎರಡು ಸಲ ಓದಲಿ.

ಕೊಳ್ಳುವ ಮುಂಚೆ ಆರ್‌ಸಿಯಲ್ಲಿನ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ಖುದ್ದು ನೋಡಿ. ಚೆಂದದ ಹಳೆಯ ನಂಬರಿನ ತಟ್ಟೆಯನ್ನು ಬೇರೆ ಗಾಡಿಗೆ ಸಿಕ್ಕಿಸಿ ಮಾರಲು ಬರುವವರಿದ್ದಾರೆ. ಅದು ಶೋಕಿಯಲ್ಲ, ಪೊಲೀಸ್ ಕೇಸು. ಹಳೆಯ ದಾಖಲೆ ಪರಿವಾಹನ್ ಜಾಲದೊಳಗೆ ಏರಿದೆಯೇ ಎಂದೂ ಆರ್‌ಟಿಒ ಆಫೀಸಿನಲ್ಲಿ ವಿಚಾರಿಸಿ. ಏರದಿದ್ದರೆ ಮೊದಲು ಆ ಕೆಲಸ ಮಾಡಿಸಿ, ಆಮೇಲೆ ಮುಂಗಡ ಕೊಡಿ.

ಹೊಸದುರ್ಗದ ಓದುಗರಿಗೆ ಹೇಳುವುದಿಷ್ಟು: ಸೈಟಿನ ದುಡ್ಡು ಸೈಟಿಗೇ ಇರಲಿ. ನಂಬರಿಗೆ, ಕಳೆದುಹೋದರೂ ಮನೆಯಲ್ಲಿ ಜಗಳವಾಗದಷ್ಟು ಮಾತ್ರ ತೆಗೆದಿಡಿ. ಮತ್ತೆ ಜಿಲ್ಲೆಯ ಎಲ್ಲರಿಗೂ ಒಂದು ಕೋರಿಕೆ. ಅಜ್ಜನ ಕಾಲದ ಬೈಕೋ ಜೀಪೋ ಕೊಟ್ಟಿಗೆಯಲ್ಲಿ ನಿಂತಿದ್ದರೆ, ಗುಜರಿಯವರನ್ನು ಕರೆಯುವ ಮುನ್ನ ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ. ಮೂರು ಅಕ್ಷರದ ಮೂಲ ನಂಬರು, ಪುಸ್ತಕ ಎರಡೂ ಇದ್ದರೆ ಈ ಅಂಕಣಕ್ಕೆ ಬರೆದು ತಿಳಿಸಿ.